ಹಡಗಿನಲ್ಲಿ ಕಳೆದ ಲಿಂಗ

ಮೃತ್ಯುಂಜಯ ನನ್ನ ತಮ್ಮನ ಮಗ, ನಾನು ಅವನ ಸೋದರತ್ತೆ. ಗುಂಡ್ಲುಪೇಟೆಯಿಂದ ಕೇರಳದ ಗಡಿಯ ಮದ್ದೂರಿನ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಊರು. ಚೆಂಡುಹೂವು, ಅರಿಶಿನ ಬೆಳೆಯುವ ಮನೆ. ನಮ್ಮಲ್ಲಿ ಸಮುದ್ರ ಕಂಡವರೇ ಇರಲಿಲ್ಲ. ಇವನು ಚಾಮರಾಜನಗರದಲ್ಲಿ ಐಟಿಐ ಓದಿ ನೌಕಾಪಡೆಗೆ ಸೇರಿದ. ಹೊಲದ ಮೋಟಾರಿನ ಸದ್ದು ಕೇಳಿಯೇ ಅದಕ್ಕೆ ಏನಾಗಿದೆ ಎಂದು ಹೇಳಿಬಿಡುತ್ತಿದ್ದವನು. ಹಡಗಿನಲ್ಲೂ ಅವನನ್ನು ಇಂಜಿನ್ ಕೋಣೆಗೇ ಹಾಕಿದರು.

ರಜೆಗೆ ಬಂದಾಗಲೆಲ್ಲ ಅವನ ತಾಯಿ ದೊಡ್ಡಮಲ್ಲಮ್ಮ ಹೊಸಲಲ್ಲೇ ಕೇಳುವಳು.

"ಮೀನು ಮುಟ್ದ್ಯೇನ್ಲಾ?"

"ಇಲ್ಲ ಕಣವ್ವ. ಮೀನ್ಗಳೇ ನನ್ನ ಮುಟ್ಟಾಕೆ ಬಂದಿದ್ದೊ, ಓಗ್ರಮ್ಮಿ ಅತ್ಲಾಗೆ ಅಂದೆ."

ಅವಳು ನಗುತ್ತಿರಲಿಲ್ಲ. ಕೊರಳಿನ ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡದೆ ಒಂದು ತೊಟ್ಟು ನೀರನ್ನೂ ಕುಡಿಯದ ಹೆಂಗಸು ಅವಳು. ಲಿಂಗ ಮೈಮೇಲಿಲ್ಲದೆ ಉಂಡವರು, ಹೆತ್ತ ಮಗನಾದರೂ, ಅವಳ ಪಂಕ್ತಿಗೆ ಹೊರಗು.

ಹೋದ ಬೇಸಿಗೆಯಲ್ಲಿ ಯುದ್ಧದ ಸುದ್ದಿ ಬಂತು. ಮೃತ್ಯುಂಜಯನ ಫೋನು ನಿಂತುಹೋಯಿತು. ಹಡಗು ಹೋದದ್ದು ಎಲ್ಲಿಗೆ ಎಂದು ಅವನು ಈಗಲೂ ಹೇಳುವುದಿಲ್ಲ. ಹೇಳಬಾರದಂತೆ. ಮಿಕ್ಕಿದ್ದನ್ನು ಹೇಳಿದ್ದಾನೆ. ಎಲ್ಲರ ಫೋನನ್ನೂ ತೆಗೆದಿಟ್ಟುಕೊಂಡರು. ಹೊರಗೆ ಒಂದು ದೀಪವೂ ಕಾಣದ ಹಾಗೆ ಮುಚ್ಚಿದರು. ಕಬ್ಬಿಣದ ಬಾಗಿಲುಗಳನ್ನು ಬಿಗಿದರು. ಬೆಂಕಿ ಬಿದ್ದರೆ ಮುಖ ಸುಡದಿರಲಿ ಎಂದು ತಲೆಗೆ ದಪ್ಪ ಬಟ್ಟೆಯ ಕುಲಾವಿ. ಮಲಗುವುದೂ ಅದೇ ಬಟ್ಟೆಯಲ್ಲಿ. ಇಂಜಿನ್ ಕೋಣೆಯಲ್ಲಂತೂ ಒಲೆಯೊಳಗೆ ನಿಂತಂಥ ಸೆಕೆ.

ಇಂಜಿನ್ ಕೋಣೆಯ ಮೇಲಧಿಕಾರಿ ಸುಧಾಕರನ್ ಅಂತ. ಕೇರಳದ ಬತ್ತೇರಿ ಕಡೆಯವರು, ಗುಂಡ್ಲುಪೇಟೆ ಸಂತೆಗೆ ಬಂದೂ ಬಂದೂ ಕನ್ನಡ ಕಲಿತವರು. ತಿರುಗುವ ಯಂತ್ರಕ್ಕೆ ದಾರ ಸಿಕ್ಕಿದರೆ ಕತ್ತೇ ಹೋಗುತ್ತದೆ, ಕೊರಳಲ್ಲಿ ಏನೂ ಇರಬಾರದು ಅಂದರು.

"ಪ್ಯಾಂಟಿನ ಜೇಬಿಗೆ ಹಾಕು, ಜಿಪ್ ಎಳಿ. ಮುಗೀತು."

ಇವನು ಹಾಕಲಿಲ್ಲ. ಲಿಂಗ ಹೊಕ್ಕುಳಿಂದ ಕೆಳಗೆ ಇಳಿಯಬಾರದು ಎಂದು ತಾಯಿ ಹೇಳಿಕೊಟ್ಟಿದ್ದಳು. ಬೆಳ್ಳಿಯ ಕರಡಿಗೆಯಲ್ಲಿದ್ದ ಲಿಂಗವನ್ನು ಹಾಗೇ ಬಟ್ಟೆಯಲ್ಲಿ ಸುತ್ತಿ, ತೋಳಿಗೆ ಕಟ್ಟಿಕೊಂಡ.

ಒಂದು ಮಧ್ಯಾಹ್ನ ಸೈರನ್ ಕೂಗಿತು. ನೀರಿನಡಿಯಲ್ಲಿ ಏನೋ ಚಲಿಸುವ ಸದ್ದು ಮೇಲೆ ಕಾವಲಿದ್ದವರಿಗೆ ಕೇಳಿಸಿತ್ತು. ಹಡಗು ಸರಕ್ಕನೆ ಹೊರಳಿ ಓಡತೊಡಗಿತು. ಆ ಕುಲುಕಾಟಕ್ಕೆ ಎಣ್ಣೆಯ ಪೈಪಿನ ಒಂದು ಕೀಲು ಸಡಿಲಿ ಎಣ್ಣೆ ಚಿಮ್ಮಿತು. ಮೃತ್ಯುಂಜಯ ಬಗ್ಗಿ ಬಿಗಿಮಾಡುತ್ತಿದ್ದ. ಬೆವರಿಗೆ ತೋಳಿನ ಗಂಟು ಜಾರಿತು. ಕರಡಿಗೆ ಅಂಗಿಯ ತೋಳಿನಿಂದ ಹೊರಬಿದ್ದು, ಕಾಲಡಿಯ ಕಬ್ಬಿಣದ ಜಾಲರಿಯ ಸಂದಿಯಿಂದ ಹಡಗಿನ ತಳಕ್ಕೆ ಹೋಯಿತು. ಅಲ್ಲಿ ನಿಂತಿದ್ದುದು ಎಣ್ಣೆ ಬೆರೆತ ಕಪ್ಪು ನೀರು.

"ಬೀಳೋದ ಕಣ್ಣಾರೆ ಕಂಡೆ ಅತ್ತೆ. ಕೈಲಿ ಸ್ಪ್ಯಾನರ್ ಇತ್ತು. ಬುಟ್ಟಿದ್ರೆ ಎಣ್ಣೆ ಕಾದ ಪೈಪಿನ ಮ್ಯಾಲೆ ಬಿದ್ದು ಎಲ್ರೂ ಸುಟ್ಟೋಗ್ತಿದ್ದೊ. ಬುಡ್ನಿಲ್ಲ."

ಸೈರನ್ ನಿಂತ ಮೇಲೆ ಜಾಲರಿ ಎತ್ತಿ ಹುಡುಕಿದ. ಕೈಗೆ ಸಿಕ್ಕಿದ್ದು ಒಂದು ಚಿಂದಿ ಬಟ್ಟೆ. ಇಂಜಿನ್ನಿನ ಅಡಿಗೆ ಕೈ ಹೋಗುವಂತಿರಲಿಲ್ಲ.

ಅಂದು ಅವನು ಊಟಕ್ಕೆ ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಏಣಿ ಹತ್ತುವಾಗ ಕಣ್ಣು ಕತ್ತಲಿಟ್ಟು ಕಂಬಿ ಹಿಡಿದು ನಿಂತ. ಸುಧಾಕರನ್ ನೋಡಿದರು.

"ಎಂದಾ ಮೋನೆ, ಹಡಗಲ್ಲಿ ಶಿವರಾತ್ರಿಯಾ?"

ಇವನು ವಿಷಯ ಹೇಳಿದ. ಅವರ ನಗು ನಿಂತಿತು. ಮುಖದ ಬೆವರು ಒರೆಸಿಕೊಂಡರು.

"ನೋಡು, ನಿನ್ನ ದೇವರು ಹಡಗು ಬಿಟ್ಟು ಹೋಗಿಲ್ಲ, ಇಲ್ಲೇ ಕೆಳಗಿದೆ. ಆದರೆ ಉಣ್ಣದವನ ಕೈಗೆ ನಾನು ಇಂಜಿನ್ ಕೊಡಲ್ಲ. ಆಸ್ಪತ್ರೆ ಕೋಣೆಗೆ ಹೋಗಿ ಮಲಗು. ನಿನ್ನ ಪಾಳಿಗೂ ಆ ಬಿಹಾರಿ ಹುಡುಗನೇ ನಿಲ್ಲಲಿ. ಅವನು ನಿದ್ದೆ ಮಾಡದೆ ಎಷ್ಟು ಹೊತ್ತಾಯಿತು, ಕೇಳಿಕೋ."

ಅದನ್ನು ಮೃತ್ಯುಂಜಯ ಕೇಳಬೇಕಾಗಿರಲಿಲ್ಲ. ಹಣೆಗೆ ವಿಭೂತಿ ಹಚ್ಚಿ, ಎಡಗೈ ಚಾಚಿ, ಖಾಲಿ ಅಂಗೈಗೆ ಕುಡಿಯುವ ನೀರನ್ನೇ ಹಾಕಿ, ಕಣ್ಣು ಮುಚ್ಚಿ ಕುಳಿತ. ಆಮೇಲೆ ಹೋಗಿ ಚಪಾತಿ ಉಂಡು ಇಂಜಿನ್ನಿನ ಮುಂದೆ ನಿಂತ.

ಶ್ರಾವಣಕ್ಕೆ ಮನೆಗೆ ಬಂದ. ಬರುವ ದಾರಿಯಲ್ಲಿ ಒಂದು ಕರಡಿಗೆ ಕೊಂಡು ಹಾಕಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನು ಹಾಗೆ ಮಾಡಲಿಲ್ಲ. ದೊಡ್ಡಮಲ್ಲಮ್ಮ ಬಿಸಿನೀರು ತೋಡಿಕೊಟ್ಟಳು. ಅವನು ಅಂಗಿ ಬಿಚ್ಚಿದ. ಅವಳ ಕಣ್ಣು ಎದೆಯ ಮೇಲೇ ನಿಂತಿತು.

"ಎಲ್ಲೋ?"

"ಓಯ್ತು ಕಣವ್ವ, ಹಡಗ್ನಲ್ಲಿ."

"ಉಂಡ್ಯಾ?"

"ಉಂಡೆ."

ಅವಳು ಒಳಗೆ ಹೋಗಿ ಬಡಿಸಲು ಇಟ್ಟಿದ್ದ ತಟ್ಟೆಯನ್ನು ಎತ್ತಿ ಗೂಡಿಗೆ ಇಟ್ಟಳು. ಮೃತ್ಯುಂಜಯ ಸ್ನಾನ ಮುಗಿಸಿ, ಜಗಲಿಗೆ ಬಂದು ನನ್ನ ಪಕ್ಕ ಕುಳಿತ. ಆಗಲೇ ಇದನ್ನೆಲ್ಲ ಹೇಳಿದ್ದು. ನನಗೆ ಹೇಳುತ್ತಿದ್ದ, ಆದರೆ ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ.

"ಮಲ್ಲಮ್ಮ, ಮಗ ಬದುಕ್ಕಂಡು ಬಂದವ್ನೆ ಕಣೆ," ಅಂದೆ.

"ನೀ ಸುಮ್ಕಿರಕ್ಕ," ಅಂದಳು ಒಳಗಿಂದಲೇ.

ಸಾರು ಆರಿರಬೇಕು, ಅಷ್ಟು ಹೊತ್ತಾಯಿತು. ಕೊನೆಗೆ ಪೂಜೆಯ ಚೊಂಬು ಹಿಡಿದು ಹೊರಗೆ ಬಂದಳು.

"ಎಂಗ್ ಮಾಡ್ದೆ, ತೋರ್ಸು."

ಅವನು ಎಡಗೈ ಚಾಚಿದ. ಬೆರಳಿನ ಗೆಣ್ಣುಗಳಲ್ಲಿ ಎಣ್ಣೆಯ ಕಪ್ಪು ಹೋಗಿರಲಿಲ್ಲ. ಅವಳು ನೀರು ಹಾಕಿದಳು. ಅವನು ಕಣ್ಣು ಮುಚ್ಚಿದ. ಅವಳು ಮಂತ್ರ ನುಡಿಯುವ ಅವನ ತುಟಿಯನ್ನೇ ನೋಡುತ್ತಿದ್ದಳು.

"ದಿನಾ ಇಂಗೇ ಮಾಡ್ದ್ಯಾ?"

"ದಿನಾ ಕಣವ್ವ."

"ಏಳು. ಮುದ್ದೆ ತಣ್ಗಾಯ್ತು."

ಮಠದ ಅಯ್ಯನವರು ಬರುವವರೆಗೆ ಪ್ರತಿ ಊಟಕ್ಕೂ ಅವಳೇ ಅವನ ಅಂಗೈಗೆ ನೀರು ಹಾಕಿದಳು. ಹೊಸ ಲಿಂಗ ಕಟ್ಟುವ ದಿನ ಅಯ್ಯನವರು, "ಲಿಂಗ ಇಲ್ಲದೆ ಇಷ್ಟು ದಿನ ಊಟ ಹೆಂಗಪ್ಪಾ?" ಎಂದು ಕೇಳಿದರು.

ದೊಡ್ಡಮಲ್ಲಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಪೂಜೆ ಮಾಡ್ಕಂಡೇ ಉಂಡವ್ನೆ ಬುದ್ಧಿ. ನಾನೇ ನೀರು ಉಯ್ದಿವ್ನಿ."