ತಾರಾ ಅತ್ಯಾನ ಬಿಳಿ ಗ್ವಾಡಿ

ನಮ್ಮ ಓಣ್ಯಾಗ ಒಂದೇ ಅಲ್ಬಮ್ ತೋರಿಸಿ ಒಂಬತ್ತು ಹುಡುಗ್ಯಾರ ಲಗ್ನ ಆದವು. ಸುಳ್ಳಲ್ರಿ, ನಾ ಎಣಿಸೇನಿ. ಒಂಬತ್ತೂ ಮಂದಿ ಗಂಡಿನವರ ಮುಂದ ಕೂತು, ಕಣ್ಣು ಕೆಳಗ ಹಾಕಿ, "ನಾನೇ ಮಾಡೇನ್ರಿ" ಅಂದ್ರು. ಒಬ್ಬಾಕಿಗರೇ ನಾಲಿಗಿ ತೊದಲಬೇಕಲ್ಲ! ಖರೇ ಮಾಡಿದಾಕಿ ನಮ್ಮಪ್ಪನ ತಂಗಿ ತಾರಾಬಾಯಿ, ನಮ್ಮ ತಾರಾ ಅತ್ಯಾ. ಹತ್ತನೇ ಸುಳ್ಳು ಹೇಳೋ ಪಾಳಿ ನಂದಿತ್ತು.

ಇದು ಅರವತ್ತೊಂದನೇ ಇಸ್ವಿ ಮಾತು. ಧಾರವಾಡದಾಗ ನಮ್ಮದು ಹೆಂಚಿನ ಬಾಡಿಗಿ ಮನಿ. ಅತ್ಯಾಗ ಆಗ ಮೂವತ್ತೆರಡು. ಹತ್ತೊಂಬತ್ತಕ್ಕ ಗಂಡ ಹೋಗಿ ತವರಿಗೆ ಬಂದಾಕಿ, ಅಡಗಿಮನಿ ಬಿಟ್ಟು ಹೊರಗ ಕಂಡದ್ದು ಕಡಿಮಿ. ಮಧ್ಯಾಹ್ನ ಎಲ್ಲಾರೂ ಅಡ್ಡಾದ ಮ್ಯಾಲೆ ಹಿತ್ತಲ ಕಟ್ಟಿ ಮ್ಯಾಲೆ ಅಲ್ಬಮ್ ಹಿಡಕೊಂಡು ಕೂಡ್ತಿದ್ದಳು. ಫೋಟೋ ಹಚ್ಚಲಿಕ್ಕೆ ಅಂತ ಅಪ್ಪಾ ತಂದಿದ್ದ ಕರೀ ಹಾಳಿ ಅಲ್ಬಮ್ ಅದು. ಮನ್ಯಾಗ ಇದ್ದವು ಬರೇ ಮೂರು ಫೋಟೋ. ಉಳದ ಹಾಳಿ ತುಂಬ ಅತ್ಯಾನ ಕಾರಭಾರ. ಹಳೀ ಕ್ಯಾಲೆಂಡರಿನ ಚಿತ್ರ, ಬಟ್ಟಿ ಥಾನಿಗೆ ಅಂಟಿಸಿ ಬರೋ ಬಣ್ಣದ ಚೀಟಿ ಕತ್ತರಿಸಿ ಹಚ್ಚೋದು, ಸುತ್ತ ಕೈಗೆ ಹತ್ತೂ ಹಂಗ ಉಬ್ಬು ಎಬ್ಬಿಸೋದು. ರದ್ದಿ ಕಾಗದ, ಮೆಂತ್ಯೆ ನೆನಸಿ ರುಬ್ಬಿದ್ರ ಗಿಡದ ಬೊಡ್ಡಿ. ಬೊಡ್ಡಿಗೆ ತೊಗಟಿ ಬೇಕಂದ್ರ ಸೋಸಿ ಒಣಗಿಸಿದ ಚಹಾಪುಡಿ. ಕೆಲಗೇರಿ ಕೆರಿ ಮಾಡಬೇಕಾದ್ರ ಹುಣಸಿ ಬೀಜದ ಅಂಟು ದಪ್ಪಗೆ ಬಳದು, ಹಸೀ ಇದ್ದಾಗ ಹಣಗೀಲೆ ಎಳೀತಿದ್ದಳು, ತೆರಿ ಏಳತಿದ್ದವು. ನಮ್ಮವ್ವ "ನನ್ನ ಹಣಗಿ ಎಲ್ಲಿ?" ಅಂತ ಮನಿ ತುಂಬ ಹುಡುಕೋದು ದಿನಾ ಇದ್ದದ್ದೇ.

ಎಲ್ಲಾಕಿಂತ ಛಲೋದು ಒಂದು ಬಿಳಿ ಗ್ವಾಡಿ. ಹಳೀ ವಾಡೇದ ಗ್ವಾಡಿ, ಮೈತುಂಬ ಸಣ್ಣ ಸಣ್ಣ ಬಿರುಕು. ಯಾತರಲೇ ಮಾಡೀ ಅಂತ ನಾ ಕೇಳಿದ್ರ "ಸುಣ್ಣ" ಅಂತಿದ್ದಳು, ಮಾರಿ ಆಚೆ ಮಾಡಿ. ನಾ ನಂಬಿದ್ದೆ.

ಕನ್ಯಾ ನೋಡಲಿಕ್ಕೆ ಬಂದವರಿಗೆ ಉಪ್ಪಿಟ್ಟು, ಹಾಡು ಆದಮ್ಯಾಲೆ "ಹುಡುಗಿ ಕೈಗೆಲಸ ತೋರಸ್ರಿ" ಅನ್ನೋದೊಂದು ಇರತಿತ್ತು. ಓಣಿಯವರು ಹಿಂದಿನ ದಿನಾನೇ ಬಂದು ಅಲ್ಬಮ್ ಒಯ್ಯವರು. ಮೊದಲ ಹಾಳಿ ಮ್ಯಾಲೆ ಹುಡುಗಿ ಹೆಸರಿನ ಚೀಟಿ, ಹಳೀ ಚೀಟಿ ಮ್ಯಾಲೇ ಹೊಸಾದು ಬಡಿಯೋದು! ಲಗ್ನ ಗೊತ್ತಾದ್ರ ಪೇಢೆ ಬರತಿದ್ದವು, ಅತ್ಯಾನ ಹೆಸರು ಮಾತ್ರ ಯಾರ ಬಾಯಾಗೂ ಬರತಿರಲಿಲ್ಲ. ಗಂಡ ಸತ್ತಾಕಿ ಅಂತ ಅಂಥಾ ಹೊತ್ತಿನ್ಯಾಗ ಆಕಿ ಪಡಸಾಲಿಗೆ ಬರೂ ಹಂಗೂ ಇರಲಿಲ್ಲ. ನಂಗ ಮೈ ಉರೀತಿತ್ತು. "ಯಾಕ ಕೊಡ್ತೀ ಅತ್ಯಾ? ನಿಂಗೇನೂ ಅನ್ನಸೂದಿಲ್ಲೇನು?" ಅಂತ ಒಂದಿನ ಬೈದೇ ಬಿಟ್ಟೆ.

"ಒಯ್ಲಿ ಬಿಡ," ಅಂದಳು. ಆಮ್ಯಾಲೆ ಸಣ್ಣ ದನೀಲೆ, "ಹೊರಗಿನವರು ಒಬ್ಬರರೇ ನನ್ನ ಮಾರಿ ನೋಡಿ ಛಂದ ಮಾಡೀ ಅಂದ್ರ ಸಾಕವಾ, ಜೀವ ತಣ್ಣಗಾಗ್ತದ" ಅಂದಳು.

ನನ್ನ ನೋಡಲಿಕ್ಕೆ ಹುಬ್ಬಳ್ಳಿಯಿಂದ ದತ್ತು ಅನ್ನೋ ವರ, ಅವರವ್ವ ಬಂದ್ರು. ವರ ಉಪ್ಪಿಟ್ಟಿನ ತಾಟಿನಿಂದ ತಲಿ ಎತ್ತಲಿಲ್ಲ. ಅವರವ್ವ ಮಾತ್ರ ಭಾಳ ಮಡಿ. ನೀರು ಕುಡಿಯೋಕ್ಕಿಂತ ಮೊದಲು ಯಾವ ಭಾವಿದು, ಯಾರು ಸೇದಿದ್ರು ಅಂತೆಲ್ಲಾ ಕೇಳಿದ್ರು. ಅಂಥವರು ಅಲ್ಬಮ್ ತಗೊಂಡು ಒಂದೊಂದೇ ಹಾಳಿ ಬೆರಳಾಡಿಸಿ ನೋಡಿದ್ರು. ಬಿಳಿ ಗ್ವಾಡಿ ಬಂದಾಗ ಬೆರಳು ಅಲ್ಲೇ ನಿಂತಿತು.

"ಎಂಥಾ ಕೈ ಅದವಾ ನಿಂದು!"

ನನ್ನ ಬಾಯಾಗ ಸುಳ್ಳು ತಯಾರಿತ್ತು. ಅಷ್ಟರಾಗ ಅಡಗಿಮನಿ ಬಾಗಲ ಸಂದೀಲೆ ಅತ್ಯಾನ ಸೆರಗು ಕಂಡ್ತು. ಸಿಟ್ಟು ನೆತ್ತಿಗೇರಿತು ನೋಡ್ರಿ.

"ನನ್ನ ಕೈ ಅಲ್ರಿ. ಇದು ನಮ್ಮ ಅತ್ಯಾಂದು, ತಾರಾಬಾಯಿ ಅಂತ. ಒಳಗಿದ್ದಾಳ, ಕರೀಲೇನ್ರಿ?"

ಅಪ್ಪಾನ ಮಾರಿ ಕರ್ರಗಾತು. ದತ್ತುನ ಅವ್ವ ನನ್ನ ಒಮ್ಮೆ, ಹಾಳಿ ಒಮ್ಮೆ ನೋಡಿ, "ಕರಿ, ನೋಡೂಣು" ಅಂದ್ರು.

ಅತ್ಯಾ ಬಂದು ಬಾಗಲಾ ಹಿಡಕೊಂಡು ನಿಂತಳು. "ಈ ಗ್ವಾಡಿ ಹೆಂಗ ಮಾಡೀರಿ?" ಅಂತ ಅವರು ಕೇಳಿದ್ರು. ಹೊರಗಿನವರು ಆಕೀನ ಹಂಗ ಕೇಳಿದ್ದು ಅದೇ ಮೊದಲು. ಪಾಪ, ಸಂತೋಷಕ್ಕ ಅತ್ಯಾಗ ಎಲ್ಲಾ ಮರತೇ ಹೋತು.

"ಮೊದಲ ಕಾಗದದ ಮುದ್ದಿ ತೆಳ್ಳಗ ಬಳೀಬೇಕ್ರಿ. ಅದು ಒಣಗೋದ್ರೊಳಗ ಸಿಪ್ಪಿ ಇಟ್ಟು ಹೆಬ್ಬಟ್ಟೀಲೆ ಒತ್ತಬೇಕು. ಚಿಟಿಚಿಟಿ ಅಂತ ಬಿರುಕು ಬೀಳತಾವ. ಭಾಳ ಒತ್ತಿದ್ರ ಪುಡಿ ಆಗ್ತಾವ, ಕಡಿಮಿ ಒತ್ತಿದ್ರ ಎದ್ದು ಬರತಾವ."

"ಯಾತರ ಸಿಪ್ಪಿ?"

"ಕೋಳಿ ತತ್ತೀದ್ರಿ. ಹಿತ್ತಲದಾಚೆ ಹುಸೇನಬಿ ಕೋಳಿ ಸಾಕ್ಯಾಳ, ತೊಳದು ಕೊಡ್ತಾಳ."

ಅಂದ ಮ್ಯಾಲೆ ಆಕಿಗೆ ತಿಳೀತು. ಸೆರಗು ಬಾಯಿಗೆ ಒತ್ತಿಕೊಂಡಳು. ದತ್ತುನ ಅವ್ವ ತಮ್ಮ ಬೆರಳು ಎತ್ತಿ ಹಿಡದು ನೋಡಿದ್ರು.

"ರಾಮ ರಾಮಾ! ಲಗೂ ನೀರು ಹಾಕ್ರಿ!"

ನಮ್ಮವ್ವ ಅವರನ್ನ ಬಚ್ಚಲಿಗೆ ಕರಕೊಂಡು ಓಡಿದಳು. ಒಂಬತ್ತು ಮನಿ ಬೀಗರು ಆ ಗ್ವಾಡಿ ಸವರಿ ಸವರಿ ಹೊಗಳಿದ್ದು ನೆನಪಾಗಿ ನಂಗ ನಗು ತಡೀವಲ್ದು. ಆ ಸಂಬಂಧ ಅಲ್ಲಿಗೇ ಮುಗೀತು, ಈಗೇ ಹೇಳಿಬಿಡ್ತೇನಿ. ನಂಗೇನೂ ಹಳಹಳಿ ಆಗಲಿಲ್ಲ, ಎರಡು ವರ್ಷಕ್ಕ ಇದಕ್ಕಿಂತ ಛಲೋ ಮನೀನೇ ಸಿಕ್ತು. ಆದ್ರ ಅವತ್ತು ಅತ್ಯಾ ಮೂಲ್ಯಾಗ ನಿಂತು, "ನಿನ್ನ ಲಗ್ನ ಕೆಡಿಸಿದೆನಲ್ಲವಾ" ಅಂತ ಒಂದೇ ಸವನ ಅಳಲಿಕ್ಕತ್ತಿದಳು. ಅಪ್ಪಾ ಹಲ್ಲು ಕಡೀಲಿಕ್ಕತ್ತಿದ್ದ. ದತ್ತು ಆಗಲೇ ಚಪ್ಪಲಿ ಮೆಟ್ಟಿಕೊಂಡಿದ್ದ.

ಅವರವ್ವ ಬಚ್ಚಲದಿಂದ ಬಂದ್ರು. ನೆಟ್ಟಗ ಹೊರಗ ಹೋಗ್ತಾರ ಅಂದಕೊಂಡ್ವಿ. ಚಾಪಿ ಮ್ಯಾಲೆ ಅಲ್ಬಮ್ ತೆರದೇ ಬಿದ್ದಿತ್ತು. ಅವರು ಬಗ್ಗಿ, ಆಗಷ್ಟೇ ತೊಳದ ಬೆರಳೀಲೆ ಆ ಬಿಳಿ ಗ್ವಾಡೀನ ಈ ತುದಿಯಿಂದ ಆ ತುದಿತನಾ ಸಾವಕಾಶ ಸವರಿದ್ರು. ಆಮ್ಯಾಲೆ ತಲಿ ಎತ್ತಿ ಅತ್ಯಾನ ಮಾರಿ ನೋಡಿದ್ರು.

"ಭಾಳ ಛಂದ ಮಾಡೀರಿ, ತಾರಾಬಾಯಿ."

ಅಂದವರೇ ಕೈ ಮುಂದ ಚಾಚಿ, "ಹೂಂ, ಈಗ ಮತ್ತ ನೀರು ಹಾಕ್ರಿ" ಅಂದ್ರು. ನಮ್ಮವ್ವ ಚೆಂಬು ತಗೊಳ್ಳಲಿಕ್ಕೆ ಹೋದಳು.

"ನೀವು ಬ್ಯಾಡ, ಅವರೇ ಹಾಕ್ಲಿ."

ಅತ್ಯಾ ಹಾಕಿದಳು. ಅವರ ಮಾರೀನೇ ನೋಡಿಕೋತ ಹಾಕಿದ್ದಕ್ಕ ಅರ್ಧ ಚೆಂಬು ನೀರು ಅವರ ಸೀರಿ ಮ್ಯಾಲೇ ಹೋತು.