ಎರಡನೆಯ ಶಿಫಾರಸು ಪತ್ರ

ಜರ್ಮನಿಯ ವಿಶ್ವವಿದ್ಯಾಲಯದ ಆ ಅರ್ಜಿಯನ್ನು ಪೂರ್ತಿ ತುಂಬಿದ ಮೇಲೂ ಒಂದು ಖಾನೆ ಮೂರು ವಾರ ಖಾಲಿಯೇ ಉಳಿದಿತ್ತು. ಎರಡು ಶಿಫಾರಸು ಪತ್ರ ಬೇಕು, ಎರಡೂ ಬೇರೆ ಬೇರೆ ವಿಷಯದವರಿಂದ ಬರಬೇಕು ಎಂದು ಅದರಲ್ಲಿತ್ತು. ಒಬ್ಬರು ವಿಜ್ಞಾನ ಅಥವಾ ತಂತ್ರಜ್ಞಾನ ಕಲಿಸಿದವರು, ಇನ್ನೊಬ್ಬರು ಸಮಾಜಶಾಸ್ತ್ರದ ಕಡೆಯವರು. ಮೊದಲನೆಯ ಹೆಸರನ್ನು ಅರ್ಜಿ ತೆರೆದ ದಿನವೇ ಬರೆದಿದ್ದೆ. ಎರಡನೆಯದಕ್ಕೆ ನನಗೆ ಗೊತ್ತಿದ್ದವರು ಒಬ್ಬರೇ. ಅವರ ಫೋನು ಎತ್ತುವುದನ್ನು ನಾನು ಎರಡು ವರ್ಷದ ಹಿಂದೆಯೇ ಬಿಟ್ಟಿದ್ದೆ.

ನಮ್ಮೂರು ದತ್ತವಾಡ, ಕನ್ನಡ ಮರಾಠಿ ಎರಡೂ ನಡೆಯುವ ಗಡಿಯೂರು. ಮನೆಯಲ್ಲಿ ಕುರಿ ಸಾಕುತ್ತಾರೆ. ಅಪ್ಪ, ಕಾಕಾ ವರ್ಷದ ಹೆಚ್ಚಿನ ತಿಂಗಳು ಹಿಂಡಿನ ಜೊತೆ ಹೊರಗೇ ಇರುತ್ತಾರೆ. ಕಬ್ಬು ಕಡಿದ ಹೊಲಗಳಲ್ಲಿ ಕುರಿ ನಿಲ್ಲಿಸಿ ಗೊಬ್ಬರ ಕೊಟ್ಟು ಮುಂದಿನ ಊರಿಗೆ ಹೋಗುವುದು ಅವರ ಕೆಲಸ. ನಾನು ಏಳನೆಯವರೆಗೆ ಕನ್ನಡ ಶಾಲೆಯಲ್ಲಿ, ಆಮೇಲೆ ಮರಾಠಿಯಲ್ಲಿ ಓದಿ, ಇಚಲಕರಂಜಿಯಲ್ಲಿ ಜವಳಿ ತಂತ್ರಜ್ಞಾನದ ಪದವಿ ಮಾಡಿದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಕುರಿಗಳ ಉಣ್ಣೆಯನ್ನೇ ತೆಗೆದುಕೊಂಡೆ. ಎಳೆಯ ದಪ್ಪ ಅಳೆದೆ, ಎಷ್ಟು ಎಳೆದರೆ ಹರಿಯುತ್ತದೆ ನೋಡಿದೆ. ಇದು ಬಹಳ ಒರಟು, ಕಂಬಳಿಗಲ್ಲದೆ ಬೇರೆ ಯಾವುದಕ್ಕೂ ಆಗುವುದಿಲ್ಲ ಎಂದು ಗೊತ್ತಾಯಿತು. ಊರಿಗೆ ಹೋಗಿ ಅಪ್ಪನಿಗೆ ಹೇಳಿದೆ.

"ಅದನ್ನ ನನಗ ಕೇಳಿದ್ರ ಮಷೀನ ಇಲ್ದನ ಹೇಳ್ತಿದ್ನಲ್ಲ," ಅಂದ ಅಪ್ಪ.

ಆ ವರ್ಷ ಕತ್ತರಿಸಿದ ಉಣ್ಣೆಯನ್ನು ಅವನು ಬೇಲಿಯ ಬುಡಕ್ಕೆ ಚೆಲ್ಲಿದ್ದ. ಕೊಳ್ಳುವವರು ಬಂದಿರಲಿಲ್ಲ. ಮೊದಲೆಲ್ಲ ಬರುತ್ತಿದ್ದವರು ಯಾಕೆ ಬರಲಿಲ್ಲ, ಕಂಬಳಿ ನೇಯುವವರ ಮನೆಗಳಲ್ಲಿ ಈಗ ಏನು ನಡೆದಿದೆ ಎನ್ನುವುದಕ್ಕೆ ನನ್ನ ಪ್ರಯೋಗಾಲಯದಲ್ಲಿ ಉತ್ತರ ಇರಲಿಲ್ಲ. ಆ ಪ್ರಶ್ನೆ ಹಿಡಿದುಕೊಂಡೇ ನಾನು ಗಡಹಿಂಗ್ಲಜದ ಮ್ಯಾಡಮ್ಮರ ಹತ್ತಿರ ಹೋಗಿದ್ದು.

ಅವರು ಅಲ್ಲಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದರು. ಕುರಿಗಾರರ, ಕಂಬಳಿ ನೇಯುವವರ ಮನೆಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದರು. ಐವತ್ತು ದಾಟಿದ್ದರು, ಮೊಣಕಾಲು ನೋವು ಬೇರೆ. ಹಿಂಡಿನವರ ಜೊತೆ ಅವರದೇ ಕನ್ನಡದಲ್ಲಿ ಮಾತಾಡಿ ಬರೆದುಕೊಂಡು ಬರುವವರು ಮ್ಯಾಡಮ್ಮರಿಗೆ ಬೇಕಾಗಿದ್ದರು. ಪದವಿ ಮುಗಿದ ಮೇಲೆ ಐದು ತಿಂಗಳು ನಾನು ಆ ಕೆಲಸ ಮಾಡಿದೆ. ಉತ್ತೂರಿನ ಸುತ್ತ ಇಳಿದುಕೊಂಡಿದ್ದ ಹನ್ನೊಂದು ಮನೆಯವರ ಜೊತೆ ಕೂತು ಅವರ ಮಾತನ್ನು ಒಂದು ದಪ್ಪ ವಹಿಯಲ್ಲಿ ಬರೆದುಕೊಂಡೆ. ಒಂದು ಸಂಜೆ ಉತ್ತೂರಿನಿಂದ ಗಡಹಿಂಗ್ಲಜಕ್ಕೆ ಬರುವ ಎಸ್‌ಟಿ ಬಸ್ಸಿನಲ್ಲಿ ಆ ವಹಿ ಬಿಟ್ಟು ಇಳಿದುಬಿಟ್ಟೆ.

ಮರುದಿನ ಸ್ಟ್ಯಾಂಡಿಗೆ ಹೋಗಿ ವಿಚಾರಿಸಿದೆ. ಮತ್ತೊಂದು ದಿನವೂ ಹೋದೆ. ಸಿಗಲಿಲ್ಲ. ಮ್ಯಾಡಮ್ಮರ ಮನೆಯ ತಿರುವಿನ ತನಕ ನಡೆದು ಹೋದವಳು ಅಲ್ಲಿಂದ ಹಿಂದೆ ಬಂದೆ. ಅಪ್ಪನಿಗೆ ಆರಾಮಿಲ್ಲ, ಊರಿಗೆ ಹೋಗುತ್ತೇನೆ ಎಂದು ಒಂದು ಮೆಸೇಜ್ ಹಾಕಿ ಬಸ್ ಹತ್ತಿದೆ. ಅವರ ಫೋನು ಬಂತು, ಎತ್ತಲಿಲ್ಲ. ಒಂದು ತಿಂಗಳು ಬರುತ್ತಲೇ ಇತ್ತು. ಆಮೇಲೆ ನಿಂತಿತು. ಅಷ್ಟರಲ್ಲಿ ನನಗೆ ಇಚಲಕರಂಜಿಯ ನೂಲಿನ ಗಿರಣಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತ್ತು. ದಿನವೂ ನೂಲು ಪರೀಕ್ಷೆ ಮಾಡುವುದು, ಸಂಖ್ಯೆ ಬರೆಯುವುದು. ಗಡಹಿಂಗ್ಲಜದ ಬಸ್ ಕಂಡರೆ ಮುಖ ತಿರುಗಿಸುತ್ತಿದ್ದೆ.

ಜರ್ಮನಿಯ ಆ ಕೋರ್ಸು ಕಣ್ಣಿಗೆ ಬಿದ್ದದ್ದು ಗಿರಣಿಯ ಚಹಾ ಬಿಡುವಿನಲ್ಲಿ, ಫೋನಿನಲ್ಲಿ. ಮೇಯುವ ನೆಲ, ಜಾನುವಾರು, ಅವನ್ನು ನಂಬಿದ ಜನ, ಮೂರನ್ನೂ ಒಟ್ಟಿಗೆ ಓದುವ ಎರಡು ವರ್ಷದ ಸ್ನಾತಕೋತ್ತರ ಪದವಿ. ಮಣ್ಣು ಓದಿದವರೂ ಬರಬಹುದು, ಇತಿಹಾಸ ಓದಿದವರೂ ಬರಬಹುದು. ಉಣ್ಣೆ ಓದಿದವಳು ಬರಬಹುದೇ ಎಂದು ಕೇಳಿ ಬರೆದೆ. ಬರಬಹುದು, ಆದರೆ ಜನರ ಜೊತೆ ಕೆಲಸ ಮಾಡಿದ್ದಕ್ಕೆ ಯಾರಾದರೂ ಸಾಕ್ಷಿ ಹೇಳಬೇಕು ಎಂದು ಉತ್ತರ ಬಂತು. ವಿದ್ಯಾರ್ಥಿವೇತನದ ಅರ್ಜಿಯನ್ನೂ ಅದರ ಜೊತೆಗೇ ಕೊಡಬಹುದಿತ್ತು.

ಜವಳಿ ಕಾಲೇಜಿನ ನನ್ನ ಸರ್ ಮೊದಲನೆಯ ಪತ್ರವನ್ನು ಎರಡೇ ದಿನದಲ್ಲಿ ಕಳಿಸಿದರು. ಎರಡನೆಯದನ್ನೂ ನೀವೇ ಹೇಗಾದರೂ ಹೊಂದಿಸಿಕೊಡಿ ಎಂದು ಕೇಳಿದೆ. ಅವರು ಮರಾಠಿಯವರು, ಮಾತು ಕಡಿಮೆ. ಉಣ್ಣೆಯ ಜೊತೆ ನೀನು ಹೇಗಿದ್ದೆ ಅಂತ ನಾನು ನೋಡಿದ್ದೇನೆ, ಮನುಷ್ಯರ ಜೊತೆ ಹೇಗಿದ್ದೆ ಅಂತ ನೋಡಿದವರನ್ನು ಕೇಳು ಎಂದು ಮರಾಠಿಯಲ್ಲಿ ಹೇಳಿ ತರಗತಿಗೆ ಹೊರಟರು.

ಇನ್ನೊಂದು ದಾರಿಯೂ ಇತ್ತು. ಕೊಲ್ಹಾಪುರದಲ್ಲಿ ಪರಿಚಯದ ಪ್ರಾಧ್ಯಾಪಕರೊಬ್ಬರು, ನೀನೇ ಬರೆದು ತಾ, ನಾನು ಸಹಿ ಮಾಡುತ್ತೇನೆ ಎಂದಿದ್ದರು. ಒಂದು ರವಿವಾರ ಕೂತು ಬರೆದೆ. ಈಕೆ ಪ್ರಾಮಾಣಿಕಳು, ಹೊಣೆಗಾರಿಕೆ ಉಳ್ಳವಳು ಎಂದು ನನ್ನ ಬಗ್ಗೆ ನಾನೇ ಬರೆದು, ಅದನ್ನು ಓದಿ ನೋಡಿದೆ. ಅರ್ಧಕ್ಕೆ ಬಿಟ್ಟು ದತ್ತವಾಡಕ್ಕೆ ಹೋದೆ. ಅವ್ವ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಎರಡು ವರ್ಷ ಯಾರಿಗೂ ಹೇಳದ್ದನ್ನು ಮೊದಲ ಸಲ ಅವಳಿಗೆ ಹೇಳಿದೆ.

"ಅಪ್ಪಗ ಆರಾಮಿಲ್ಲ ಅಂತ ಹೇಳಿದ್ಯಾ?" ಅಂದಳು ಅವ್ವ. ವಹಿಗಿಂತ ಅದೇ ಅವಳಿಗೆ ದೊಡ್ಡದಾಗಿತ್ತು.

"ಹೂಂ."

"ಹೋಗಿ ಹೇಳಿ ಬಾ. ಬೈದ್ರ ಬೈಸ್ಕೊ. ಪತ್ರ ಕೊಡ್ತಾರೋ ಬಿಡ್ತಾರೋ, ಅದು ಆಮ್ಯಾಲಿಂದ."

ಮುಂದಿನ ರಜೆಯ ದಿನ ಹೊರಟೆ. ನಿಪ್ಪಾಣಿ, ಸಂಕೇಶ್ವರ ದಾಟುವ ತನಕ ಹೇಗೆ ಶುರು ಮಾಡಬೇಕು ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ. ಗಡಹಿಂಗ್ಲಜದಲ್ಲಿ ಇಳಿದಾಗ ಅದರಲ್ಲಿ ಒಂದು ಮಾತೂ ನೆನಪಿರಲಿಲ್ಲ. ಮ್ಯಾಡಮ್ಮರ ಮನೆ ಪೇಟೆಯ ಹಿಂದಿನ ಓಣಿಯಲ್ಲಿದೆ. ಕೆಳಗೆ ಅವರ ಅಣ್ಣಂದಿರ ಮೆಣಸಿನಕಾಯಿ ವ್ಯಾಪಾರ, ಮೇಲೆ ಅವರ ಕೋಣೆಗಳು. ಮೆಟ್ಟಿಲು ಹತ್ತುವಾಗಲೇ ಘಾಟು ಹತ್ತಿ ಸೀನು ಬಂತು. ಬಾಗಿಲು ತೆರೆದೇ ಇತ್ತು. ಅವರು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮುಂದಿಟ್ಟುಕೊಂಡು ಕೂತಿದ್ದರು.

ತಲೆ ಎತ್ತಿ ನೋಡಿದರು. ಕನ್ನಡಕ ತೆಗೆದರು.

"ಆರಾಮ ಇದ್ದಿ ಏನ?" ಅಂದರು. ನಗಲಿಲ್ಲ.

"ಆರಾಮ ಅದೀನ್ರಿ."

"ಅಪ್ಪ?"

"ಆರಾಮ ಅದಾನ್ರಿ. ಅವತ್ತೂ ಆರಾಮನ ಇದ್ದ. ನಾ ಸುಳ್ಳ ಹೇಳಿದ್ನ್ರಿ ಮ್ಯಾಡಮ್. ಆ ವಹಿ ಕಳೀತ್ರಿ. ಉತ್ತೂರಿಂದ ಬರೂ ಬಸ್ಸಿನ್ಯಾಗ ಬಿಟ್ಟೆ. ನಿಮಗ ಹ್ಯಾಂಗ ಹೇಳ್ಲಿ ಅಂತ ತಿಳೀಲಿಲ್ಲ."

ಅವರು ಮುಂದಿನ ಉತ್ತರಪತ್ರಿಕೆಯನ್ನು ಬದಿಗೆ ಸರಿಸಿದರು. ಕೆಂಪು ಪೆನ್ನಿಗೆ ಮುಚ್ಚಳ ಹಾಕಿದರು.

"ವಹಿ ಅಷ್ಟ ಏನ? ಮತ್ತೇನೂ ಆಗಿಲ್ಲ?"

"ಅಷ್ಟರಿ."

"ನಾ ಏನ ತಿಳ್ಕೊಂಡಿದ್ದೆ ಗೊತ್ತೇನ ನಿನಗ? ನನ್ನ ಕೆಲಸಕ್ಕಂತ ನಿನ್ನ ಒಬ್ಬಾಕಿನ್ನ ಊರೂರು ತಿರಗಿಸಿದೆ. ದಾರ್ಯಾಗ ಯಾರರ ಏನರ ಮಾಡಿದ್ರೋ ಏನೋ, ಹುಡುಗಿಗೆ ಹೇಳಾಕ ಬಾಯಿ ಬರವಲ್ದು ಅಂತ. ಎರಡ ವರ್ಷ ಅದ ನನ್ನ ತಲ್ಯಾಗ ಐತಿ. ನೀ ಹೋದ ಮ್ಯಾಲೆ ಇನ್ನೊಂದ ಹುಡುಗೀನ್ನ ಒಬ್ಬಾಕಿನ್ನ ಎಲ್ಲೂ ಕಳಿಸಿಲ್ಲ ನಾ."

ವಹಿ ಕಳೆದದ್ದಕ್ಕೆ ಬೈಗುಳ ಕೇಳಲು ಸಿದ್ಧವಾಗಿ ಹೋಗಿದ್ದೆ. ಇದು ನನ್ನ ಎಣಿಕೆಯಲ್ಲೇ ಇರಲಿಲ್ಲ. ಒಂದು ತಿಂಗಳು ಬಂದ ಆ ಫೋನುಗಳೆಲ್ಲ ವಹಿ ಕೇಳುವುದಕ್ಕೆ ಬಂದವು ಎಂದೇ ನಾನು ತಿಳಿದಿದ್ದೆ. ನಿಂತಲ್ಲೇ ಅತ್ತೆ. ಅವರು ಏಳಲಿಲ್ಲ, ಸಮಾಧಾನ ಮಾಡಲಿಲ್ಲ. ಕುರ್ಚಿಯ ಮೇಲಿನ ಉತ್ತರಪತ್ರಿಕೆಗಳನ್ನು ತೆಗೆದು ನೆಲಕ್ಕಿಟ್ಟು, "ಕುಂದ್ರು," ಅಂದರು.

ಆಮೇಲೆ ಅವರೇ ಹೇಳಿದರು. ನಾನೂ ಬರಲಿಲ್ಲ, ವಹಿಯೂ ಬರಲಿಲ್ಲ ಎಂದು ಆ ಹನ್ನೊಂದು ಮನೆಯವರನ್ನು ಹುಡುಕಿಕೊಂಡು ತಾವೇ ಹೋಗಿದ್ದರು. ಒಂಬತ್ತು ಮನೆಯವರು ಸಿಕ್ಕಿದರು. ಎರಡು ಮನೆಯವರು ಎಲ್ಲಿಗೋ ಹೊರಟುಹೋಗಿದ್ದರು. ಪುಸ್ತಕದಲ್ಲಿ ಒಂಬತ್ತು ಮನೆ ಎಂದೇ ಬರೆದಿದ್ದರು. ಮೊಣಕಾಲಿನ ಮಾತು ಅವರು ತೆಗೆಯಲಿಲ್ಲ. ಎದ್ದು ಚಹಾ ಇಡಲು ಹೋಗುವಾಗ ಗೋಡೆ ಹಿಡಿದುಕೊಂಡು ಹೋದದ್ದನ್ನು ನಾನು ನೋಡಿದೆ.

ಚಹಾ ಕೊಟ್ಟು ಎದುರಿಗೆ ಕೂತರು.

"ಈಗ್ಯಾಕ ಬಂದಿ? ಬರೇ ಇದನ್ನ ಹೇಳಾಕ ಬಂದಾಕಿ ಅಲ್ಲ ನೀ."

ಜರ್ಮನಿಯ ಅರ್ಜಿಯ ವಿಷಯ ಹೇಳಿದೆ. ಫೋನು ತೆಗೆದು ಕೋರ್ಸಿನ ವಿವರ ತೋರಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಯಾವ ವಿಷಯ ಯಾರು ಕಲಿಸುತ್ತಾರೆ ಎನ್ನುವುದನ್ನೂ ಬಿಡಲಿಲ್ಲ.

"ಚೊಲೋ ಐತಿ. ನನ್ನ ವಯಸ್ಸ ಕಡಿಮಿ ಇದ್ರ ನಾನ ಹಾಕ್ತಿದ್ದೆ," ಅಂದರು. "ಪತ್ರ ಬರೀತೇನಿ. ಆದ್ರ ಇದನ್ನೂ ಬರೀತೇನಿ. ವಹಿ ಕಳೀತು, ಹೇಳಲಾರದ ಓಡಿ ಹೋದ್ಲು, ಎರಡ ವರ್ಷದ ಮ್ಯಾಲೆ ಬಂದ ಹೇಳಿದ್ಲು ಅಂತ. ಚೊಲೋದಷ್ಟ ಬರಿ ಅಂದ್ರ ನನ್ನ ಕಡೆ ಆಗೂದಿಲ್ಲ. ನಡೀತೈತೇನ?"

ಒಂದು ಕ್ಷಣ ಕೊಲ್ಹಾಪುರದ ಪ್ರಾಧ್ಯಾಪಕರು ನೆನಪಾದದ್ದು ಸುಳ್ಳಲ್ಲ.

"ನಡೀತೈತ್ರಿ," ಅಂದೆ.

ಊಟ ಮಾಡಿಸಿಯೇ ಕಳಿಸಿದರು. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ಊಟದಲ್ಲಿ ನನ್ನ ಗಿರಣಿಯ ಕೆಲಸ ಕೇಳಿದರು, ತಮ್ಮ ಪುಸ್ತಕ ಎಲ್ಲಿಗೆ ಬಂತು ಹೇಳಿದರು. ತಿರುಗಿ ಬರುವಾಗ ಕೊಲ್ಹಾಪುರದ ಬಸ್ ಹತ್ತಿದೆ. ಕಾಗಲದಲ್ಲಿ ಇಳಿದು ಇಚಲಕರಂಜಿಗೆ ಹೋಗಬೇಕು. ಕೂತದ್ದಷ್ಟೇ ಗೊತ್ತು. ಕಂಡಕ್ಟರ್ ಭುಜ ತಟ್ಟಿ ಎಬ್ಬಿಸಿದಾಗ ಬಸ್ ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ಖಾಲಿಯಾಗಿ ನಿಂತಿತ್ತು. ಬಿಸಿಲಿನಲ್ಲಿ, ಅಷ್ಟು ಗದ್ದಲದಲ್ಲಿ, ಅಂಥ ನಿದ್ದೆ ನನಗೆ ಬಹಳ ದಿನದಿಂದ ಬಂದಿರಲಿಲ್ಲ. ಮತ್ತೊಂದು ಬಸ್ ಹಿಡಿದು ಹಿಂದೆ ಬಂದೆ.

ಪತ್ರವನ್ನು ಅವರು ನೇರವಾಗಿ ವಿಶ್ವವಿದ್ಯಾಲಯಕ್ಕೇ ಕಳಿಸಬೇಕಿತ್ತು, ನಾನು ನೋಡುವಂತಿರಲಿಲ್ಲ. ಅರ್ಜಿಯ ಪುಟದಲ್ಲಿ ಅವರ ಹೆಸರಿನ ಮುಂದೆ 'ಬಂದಿಲ್ಲ' ಎಂದೇ ಇತ್ತು. ನಡುವೆ ಕೊಲ್ಹಾಪುರಕ್ಕೆ ಎರಡು ಸಲ ಹೋಗಿ ವಿದ್ಯಾಪೀಠದಿಂದ ಅಂಕಪಟ್ಟಿಗಳಿಗೆ ಮೊಹರು ಹಾಕಿಸಿ ತಂದೆ, ಅವನ್ನು ಸ್ಕ್ಯಾನ್ ಮಾಡಿ ಏರಿಸಿದೆ. ಪ್ರತಿದಿನ ಪುಟ ತೆರೆದು ನೋಡುತ್ತಿದ್ದೆ. ನೆನಪು ಮಾಡಲು ಫೋನು ಹಚ್ಚುವ ಮುಖ ನನಗಿರಲಿಲ್ಲ. ಕೊನೆಯ ದಿನಾಂಕಕ್ಕೆ ನಾಲ್ಕು ದಿನ ಇರುವಾಗ ಬೆಳಿಗ್ಗೆ ಗಿರಣಿಗೆ ಹೋಗುವ ಮೊದಲು ನೋಡಿದರೆ 'ಬಂದಿದೆ' ಎಂದಿತ್ತು. ಒಳಗೆ ಏನಿತ್ತೋ ಗೊತ್ತಿಲ್ಲ. ಅರ್ಜಿ ಕಳಿಸಿಬಿಟ್ಟೆ.

ಎರಡು ತಿಂಗಳಾದ ಮೇಲೆ ಸಂದರ್ಶನಕ್ಕೆ ಕರೆದರು, ಅದೂ ವಿಡಿಯೋದಲ್ಲಿ. ಅವರಿಗೆ ಬೆಳಿಗ್ಗೆ, ನಮಗೆ ಮಧ್ಯಾಹ್ನ. ಇಚಲಕರಂಜಿಯ ನನ್ನ ಕೋಣೆಯ ಗೋಡೆಗೆ ಹೊಂದಿಕೊಂಡೇ ಕರೆಂಟಿನ ಮಗ್ಗಗಳು, ಆ ಸದ್ದಿನಲ್ಲಿ ಒಂದು ಮಾತೂ ಕೇಳುವುದಿಲ್ಲ. ಸರ್ ಕಾಲೇಜಿನ ತಮ್ಮ ಕೋಣೆಯನ್ನು ಬಿಟ್ಟುಕೊಟ್ಟು, ಹೊರಗಿನಿಂದ ಬಾಗಿಲು ಎಳೆದುಕೊಂಡು ಹೋದರು.

ಪರದೆಯ ಮೇಲೆ ಇಬ್ಬರಿದ್ದರು. ಮಣ್ಣು ಮತ್ತು ಹುಲ್ಲಿನ ಮೇಲೆ ಕೆಲಸ ಮಾಡುವ ಒಬ್ಬ ಹೆಂಗಸು, ಹಳ್ಳಿಗಳ ಸಮಾಜ ಕಲಿಸುವ ಒಬ್ಬ ಗಂಡಸು. ಉಣ್ಣೆಯ ಬಗ್ಗೆ ಕೇಳಿದರು, ಹೇಳಿದೆ. ಆಮೇಲೆ ಆ ಹೆಂಗಸು ಕಾಗದ ನೋಡುತ್ತ, ನಿಮ್ಮ ಅಧ್ಯಾಪಕಿ ಒಂದು ಕಳೆದುಹೋದ ನೋಟ್‌ಬುಕ್ಕಿನ ಬಗ್ಗೆ ಬರೆದಿದ್ದಾರೆ, ಅದನ್ನು ನಿಮ್ಮ ಬಾಯಲ್ಲಿ ಕೇಳಬಹುದೇ ಎಂದರು. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಸುಳ್ಳು ಮೆಸೇಜನ್ನೂ ಬಿಡಲಿಲ್ಲ. ಗಂಡಸು ಕೇಳಿದರು: ಇದರಿಂದ ನಷ್ಟ ಆದದ್ದು ಯಾರಿಗೆ?

ನನಗೆ ಮತ್ತು ಮ್ಯಾಡಮ್ಮರಿಗೆ ಎನ್ನಬೇಕೆಂದು ಬಾಯಿ ತೆರೆದೆ. ಆಗ ಹೊಳೆಯಿತು. ಆ ಮನೆಗಳವರು ಕೆಲಸ ಬಿಟ್ಟು ನನ್ನ ಜೊತೆ ಕೂತಿದ್ದರು. ಸೊಸೆಯ ಜಗಳ, ಮಾರಿದ ಕುರಿ, ಹೊಲದವರ ಜೊತೆಗಿನ ತಂಟೆ, ಎಲ್ಲ ಹೇಳಿದ್ದರು. ಅವೆಲ್ಲ ಹೆಸರು ಸಮೇತ ಆ ವಹಿಯಲ್ಲಿದ್ದವು. ಅದು ಈಗ ಯಾರ ಕೈಯಲ್ಲಿದೆಯೋ ಗೊತ್ತಿಲ್ಲ. ಎರಡು ವರ್ಷದಲ್ಲಿ ಒಂದು ಸಲವೂ ನಾನು ಅವರ ಬಗ್ಗೆ ಯೋಚಿಸಿರಲಿಲ್ಲ. ನನ್ನ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದೆ, ಇದು ನನಗೆ ಈಗಷ್ಟೇ ತಿಳಿಯಿತು ಎಂದೂ ಹೇಳಿದೆ. ಆ ಹೆಂಗಸು ಏನನ್ನೋ ಬರೆದುಕೊಂಡರು. ಇಬ್ಬರೂ ಮುಂದಿನ ಪ್ರಶ್ನೆಗೆ ಹೋದರು.

ಹೊರಗೆ ಬಂದಾಗ ಸರ್ ಕಾರಿಡಾರಿನಲ್ಲಿ ನಿಂತಿದ್ದರು. ಹೇಗಾಯಿತು ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಆದರೆ ಮೈ ಹಗುರಾಗಿತ್ತು. ಸಿಗದಿದ್ದರೂ ಇನ್ನು ಮುಚ್ಚಿಡುವಂಥದ್ದು ನನ್ನ ಹತ್ತಿರ ಏನೂ ಉಳಿದಿರಲಿಲ್ಲ.

ಪ್ರವೇಶ ಸಿಕ್ಕಿದೆ ಎನ್ನುವ ಇಮೇಲ್ ಬಂದದ್ದು ಒಂದು ಮಂಗಳವಾರ ಮಧ್ಯಾಹ್ನ, ಗಿರಣಿಯಲ್ಲಿ ನೂಲಿನ ಮಾದರಿ ತೂಗುತ್ತಿದ್ದಾಗ. ಮೂರು ಸಲ ಓದಿದೆ. ವಿದ್ಯಾರ್ಥಿವೇತನದ ಮಾತೂ ಅದರಲ್ಲೇ ಇತ್ತು. ಮೊದಲು ಮ್ಯಾಡಮ್ಮರಿಗೆ ಫೋನು ಹಚ್ಚಿದೆ.

"ಸಿಕ್ಕತ್ರಿ," ಅಂದೆ.

"ಸಿಕ್ಕತೇನ? ಭಾಳ ಚೊಲೋ ಆತು," ಅಂದರು. "ಅಲ್ಲಿ ಹೋದ ಮ್ಯಾಲೆ ಫೋನ ಎತ್ತು ಮತ್ತ."

"ಎತ್ತತೇನ್ರಿ."

ಅಪ್ಪ ಹಿಂಡಿನ ಜೊತೆ ಬಿದ್ರಿಯ ಕಡೆ ಇದ್ದ. ಅವನಿಗೆ ಹೇಳಿದಾಗ ಫೋನಿನಲ್ಲಿ ಕುರಿಗಳ ಸದ್ದೇ ಹೆಚ್ಚು ಕೇಳುತ್ತಿತ್ತು.

"ಎಷ್ಟ ವರ್ಷ?" ಅಂತ ಕೇಳಿದ.

"ಎರಡ."

"ಅಲ್ಲಿ ಕುರಿ ಅದಾವೇನ?"

"ಅದಾವಂತ."

"ಉಣ್ಣಿ ಯಾರ ಕತ್ತರಸ್ತಾರ, ಏನ ಮಾಡ್ತಾರ, ನೋಡಿ ಹೇಳು," ಅಂದ. ಆಮೇಲೆ ಯಾರನ್ನೋ ಕೂಗುತ್ತ ಫೋನು ಇಟ್ಟ.

ಅರ್ಧ ದಿನದ ರಜೆ ಹಾಕಿ ದತ್ತವಾಡದ ಬಸ್ ಹತ್ತಿದೆ. ಅವ್ವ ಮನೆಯಲ್ಲೇ ಇದ್ದಳು. ಹೇಳಿದ್ದು ಕೇಳಿ ಕೈ ತೊಳೆದುಕೊಂಡು ಬಂದು ನನ್ನ ತಲೆ ಮುಟ್ಟಿದಳು. ಥಂಡಿ ಭಾಳ ಇರತೈತಂತ ಅಲ್ಲಿ, ಹೌದೇನ ಎಂದು ಕೇಳಿದಳು. ಹೌದು ಅಂದೆ. ಇಬ್ಬರೂ ಕೂತು ಉಂಡೆವು. ಅಂದು ನಾನು ಎರಡು ರೊಟ್ಟಿ ಹೆಚ್ಚೇ ತಿಂದೆ.