ದೊಡ್ಡಮ್ಮ ಬಿಡಿಸಿದ ಹುಣಸೆ

ಶಿವರಾತ್ರಿ ಹತ್ತಿರ ಬಂದು ಬಿಸಿಲು ಬಲಿಯುತ್ತಿದ್ದಂತೆ ನಮ್ಮ ಕಡೆಯ ಬಸ್ಸುಗಳಿಗೆ ಹೊಸ ಹುಣಸೆಹಣ್ಣಿನ ವಾಸನೆ ಹತ್ತುತ್ತದೆ. ಹೊಳವನಹಳ್ಳಿ ಕಡೆಯಿಂದ ಬಂದವರು ಯಾರೋ ಕೊರಟಗೆರೆಯಲ್ಲಿ ಒಂದು ಚೀಲ ಹತ್ತಿಸಿ, ಕಂಡಕ್ಟರ್ ಗೊಣಗುವುದರೊಳಗೆ ಅದನ್ನು ಸೀಟಿನ ಕೆಳಗೆ ತಳ್ಳಿ, ಏನೂ ಗೊತ್ತಿಲ್ಲದವರ ಹಾಗೆ ಕಿಟಕಿ ಕಡೆ ಮುಖ ಮಾಡಿ ಕೂರುತ್ತಾರೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳಿ ಮುಗಿಸಿ ಮಧುಗಿರಿಗೆ ಹಿಂದಿರುಗುವ ನಾನು ಅದೇ ಬಸ್ಸಿನಲ್ಲಿರುತ್ತೇನೆ. ಹುಳಿ, ಬೆಲ್ಲ, ಒಣಮಣ್ಣು ಮೂರೂ ಬೆರೆತ ವಾಸನೆ ಅದು. ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೆ, ನಾನು ಸೆರಗನ್ನು ಮೂಗಿಗೆ ಒತ್ತಿಕೊಳ್ಳುತ್ತೇನೆ. ಒಂದೆರಡು ಸಲ ದಾರಿಯಲ್ಲೇ ಇಳಿದು ಬೇರೆ ಬಸ್ಸು ಹಿಡಿದದ್ದೂ ಉಂಟು. ನೀವೂ ಇಂಥ ಯಾವುದಾದರೂ ವಾಸನೆಗೆ ಹೆದರಿ ತಲೆತಪ್ಪಿಸಿಕೊಂಡು ಓಡಾಡುವವರಾದರೆ ನನಗೆ ಹುಚ್ಚು ಎನ್ನಲಾರಿರಿ.

ನಮ್ಮ ಮನೆ ಬೆಟ್ಟದ ಬುಡದ ಬೀದಿಯಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಬೆಟ್ಟದ ಬಂಡೆ ಕಾದು, ಅದರ ಝಳ ಬೀದಿಗೆಲ್ಲ ಬರುತ್ತಿತ್ತು. ಆದರೆ ನಮ್ಮ ಹಜಾರ ಮಾತ್ರ ತಣ್ಣಗಿರುತ್ತಿತ್ತು. ಕಲ್ಲಿನ ಕಂಬ, ಮಣ್ಣಿನ ಗೋಡೆ, ಮೇಲೊಂದು ಗವಾಕ್ಷಿ. ಹುಣಸೆ ಕಾಲದಲ್ಲಿ ಆ ಹಜಾರ ನಮ್ಮದಾಗಿ ಉಳಿಯುತ್ತಿರಲಿಲ್ಲ. ಪೇಟೆಯಲ್ಲಿ ಹುಣಸೆ ಮಂಡಿ ಇಟ್ಟಿದ್ದ ಆಂಜಿನಪ್ಪ ಟೆಂಪೊದಲ್ಲಿ ಹಣ್ಣು ತಂದು ಸುರಿದು ಹೋಗುತ್ತಿದ್ದ. ಬಿಡಿಸಿದ ಹಣ್ಣನ್ನು ಅವನೇ ಬಂದು ತೂಕ ಹಾಕಿ ಕೂಲಿ ಕೊಟ್ಟು ಒಯ್ಯುತ್ತಿದ್ದ. ಅಮ್ಮ, ದೊಡ್ಡಮ್ಮ, ಎದುರುಮನೆಯ ನಾಗಕ್ಕ, ಬೀದಿಯ ಇನ್ನೂ ನಾಲ್ಕೈದು ಹೆಂಗಸರು ಈಚಲು ಚಾಪೆಗಳ ಮೇಲೆ ಸುತ್ತುಗಟ್ಟಿ ಕೂರುತ್ತಿದ್ದರು. ಪ್ರತಿಯೊಬ್ಬರ ಮುಂದೆಯೂ ಒಂದು ಚಪ್ಪಟೆ ಕಲ್ಲು, ಕೈಯಲ್ಲೊಂದು ಕಬ್ಬಿಣದ ತುಂಡು. ಸಿಪ್ಪೆ ಒಡೆಯುವುದು, ನಾರು ಎಳೆಯುವುದು, ಕುಟ್ಟಿ ಬೀಜ ತೆಗೆಯುವುದು, ಎಲ್ಲ ಕೆಲಸವನ್ನೂ ಎಲ್ಲರೂ ಮಾಡುತ್ತಿದ್ದರು. ಬಿಡಿಸಿದ್ದನ್ನು ನಡುವಿನ ಒಂದೇ ರಾಶಿಗೆ ಎಸೆಯುತ್ತಿದ್ದರು. ಯಾರದೆಷ್ಟು ಎಂದು ಕೇಳುವವರಿಲ್ಲ. ಬಂದ ಕೂಲಿಯನ್ನು ಎಲ್ಲರೂ ಸಮಸಮ ಹಂಚಿಕೊಳ್ಳುತ್ತಿದ್ದರು. ಮಾತು ಮಾತ್ರ ಮೂರು ಹೊತ್ತೂ ನಡೆಯುತ್ತಿತ್ತು. ಯಾರ ಸೊಸೆ ತವರಿಗೆ ಹೋದಳು, ಯಾರು ಗೊರವನಹಳ್ಳಿ ಲಕ್ಷ್ಮಿಗೆ ಏನು ಹರಕೆ ಹೊತ್ತರು, ಸಿರಾದಲ್ಲಿ ಯಾರ ಮನೆಯ ಹೆಣ್ಣನ್ನು ನೋಡಲು ಬಂದಿದ್ದರು, ಎಲ್ಲ ಆ ರಾಶಿಯ ಸುತ್ತಲೇ ಗೊತ್ತಾಗುತ್ತಿತ್ತು.

ದೊಡ್ಡಮ್ಮ ಎಂದರೆ ಅಪ್ಪನ ಅಣ್ಣನ ಹೆಂಡತಿ, ಪುಟ್ಟಮ್ಮ. ದೊಡ್ಡಪ್ಪ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ನನ್ನ ತಲೆಗೆ ಎಣ್ಣೆ ಒತ್ತಿ ನೀರು ಹಾಕಿದವಳು ಅವಳು. ಜ್ವರ ಬಂದರೆ ಹಣೆಯ ಮೇಲಿರುತ್ತಿದ್ದ ಕೈಯೂ ಅವಳದೇ. ಆ ಕೈಯ ಹುಳಿ ವಾಸನೆ ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಹುಣಸೆಯ ಹುಳಿಗೆ ಬೆರಳ ತುದಿಗಳು ಸೀಳಿ ಕಪ್ಪಾಗಿದ್ದವು. ಅವಳಿಗೆ ಒಂದು ಹೆಮ್ಮೆಯಿತ್ತು, ಜೀವನಕ್ಕೆ ಆಧಾರವಾಗಿದ್ದೂ ಅದೊಂದೇ. "ಯಾರ್ ಹಂಗೂ ಇಲ್ಲ ಕಣಮ್ಮ ನಂಗೆ. ನನ್ ಕೈಯಾಗೆ ದುಡಿತೀನಿ, ನನ್ ಕೈಯಾಗೆ ಉಣ್ತೀನಿ" ಎನ್ನುತ್ತಿದ್ದಳು. ಗಂಡನಿಲ್ಲದೆ, ಮಕ್ಕಳಿಲ್ಲದೆ ಮೈದುನನ ಮನೆಯಲ್ಲಿ ತಲೆಯೆತ್ತಿಕೊಂಡು ಬಾಳಲು ಅವಳಿಗೆ ಆ ಮಾತು ಬೇಕಾಗಿತ್ತು. ಎಲ್ಲರ ಕಾಲೆಳೆಯುತ್ತಿದ್ದ ಆ ಹೆಂಗಸರು ಈ ಮಾತಿಗೆ ಮಾತ್ರ ಒಮ್ಮೆಯೂ ನಕ್ಕದ್ದನ್ನು ನಾನು ಕಾಣೆ.

ಅವಳ ಕಣ್ಣು ಮಂಜಾಗುತ್ತಾ ಬಂದು ಹತ್ತಿರ ಹತ್ತಿರ ಕುರುಡೇ ಆಗಿತ್ತು. ಇದು ನನಗೆ ಗೊತ್ತಿರಲಿಲ್ಲ ಎಂದರೆ ನೀವು ನಂಬುವುದಿಲ್ಲ. ಹೂವನ್ನು ಮುಟ್ಟಿ ಮುಟ್ಟಿ ಕಟ್ಟುತ್ತಿದ್ದಳು, ನನ್ನ ಮುಖವನ್ನು ಮೂಗಿನ ಹತ್ತಿರ ಎಳೆದುಕೊಂಡು ಮಾತಾಡುತ್ತಿದ್ದಳು, ಬಾಗಿಲಿಗೆ ಬಂದವರನ್ನು ಹೆಜ್ಜೆಯ ಸದ್ದಿನಿಂದ ಗುರುತು ಹಿಡಿಯುತ್ತಿದ್ದಳು. ಅದೆಲ್ಲ ಪ್ರೀತಿ, ಅದೆಲ್ಲ ಜಾಣತನ ಎಂದುಕೊಂಡಿದ್ದೆ. ಹುಣಸೆಗೆ ಕಣ್ಣು ಬೇಡ, ಬೆರಳೇ ಸಾಕು ಎಂದು ಅವಳೂ ನಂಬಿದ್ದಳು. ಹೆಂಗಸರಿಗೆ ಮಾತ್ರ ಎಲ್ಲ ಗೊತ್ತಿತ್ತು. ಅವಳ ಎಡಗಡೆ ಯಾವತ್ತೂ ನಾಗಕ್ಕನೇ ಕೂರುತ್ತಿದ್ದಳು, ಬಲಗಡೆ ಅಮ್ಮ. ಬೇರೆ ಯಾರಾದರೂ ಆ ಜಾಗದಲ್ಲಿ ಕೂತರೆ ನಾಗಕ್ಕ ಜಗಳಕ್ಕೇ ನಿಲ್ಲುತ್ತಿದ್ದಳು. ಎಂಥ ಹಠಮಾರಿ ಹೆಂಗಸು ಎಂದು ನಾನು ನಗುತ್ತಿದ್ದೆ.

ಆಗ ನಾನು ಮೊದಲ ಪಿಯುಸಿ. ಕಾಮರ್ಸ್ ತೆಗೆದುಕೊಂಡು, ಪುಸ್ತಕಗಳಿಗೆ ಬ್ರೌನ್ ಹಾಳೆ ಹೊದಿಸಿಕೊಂಡು, ಮನೆಯಲ್ಲಿ ನನ್ನಷ್ಟು ಬುದ್ಧಿವಂತರು ಇಲ್ಲವೆಂದು ತಿಳಿದಿದ್ದ ಕಾಲ. ಶ್ರಮ ವಿಭಜನೆಯ ಪಾಠವಾಗಿತ್ತು. ಒಬ್ಬನೇ ಇಡೀ ಅಂಗಿ ಹೊಲಿಯುವುದಕ್ಕಿಂತ ಒಬ್ಬ ಬಟ್ಟೆ ಕತ್ತರಿಸಿ, ಇನ್ನೊಬ್ಬ ತೋಳು ಹೊಲಿದು, ಮತ್ತೊಬ್ಬ ಗುಂಡಿ ಹಚ್ಚಿದರೆ ಅದೇ ಹೊತ್ತಿನಲ್ಲಿ ಎಷ್ಟೋ ಹೆಚ್ಚು ಅಂಗಿ ಸಿದ್ಧವಾಗುತ್ತವೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬಾಣದ ಗುರುತು ಎಳೆದು ತೋರಿಸಿದ್ದರು. ನನಗೆ ರೋಮಾಂಚನವಾಗಿತ್ತು. ಅದೇ ವಾರ ಆಂಜಿನಪ್ಪ ಬಂದು, ಈ ಸಲ ಸರಕು ಜಾಸ್ತಿ ಇದೆ, ಬೇಗ ಮುಗಿಸಿಕೊಟ್ಟರೆ ಇನ್ನೂ ಎರಡು ಟೆಂಪೊ ಇಲ್ಲೇ ಇಳಿಸುತ್ತೇನೆ, ಇಲ್ಲದಿದ್ದರೆ ಬೇರೆ ಬೀದಿ ನೋಡಿಕೊಳ್ಳುತ್ತೇನೆ ಎಂದ. ಹೆಂಗಸರು ಮುಖ ಮುಖ ನೋಡಿಕೊಂಡರು. ನಾನು ನೋಟ್‌ಬುಕ್ಕು ಹಿಡಿದು ಹಜಾರದ ನಡುವೆ ಬಂದು ನಿಂತೆ.

ನಾನು ಹೇಳಿದ್ದನ್ನೆಲ್ಲ ಕೇಳಿದ ಅಮ್ಮ ಒಲೆಯ ಕಡೆ ನೋಡುತ್ತಾ, "ಬ್ಯಾಡ ಬುಡು. ಇಂಗೇ ನಡೀಲಿ" ಎಂದಳು. ಯಾಕೆ ಎಂದು ಕೇಳಿದರೆ ಹೇಳಲಿಲ್ಲ. ಓದದವರಿಗೆ ಏನು ಹೇಳಿಯೂ ಪ್ರಯೋಜನವಿಲ್ಲ ಎಂದು ನಾನು ರೇಗಿದೆ. ಆಗ ನನ್ನ ಪರವಾಗಿ ಮಾತಾಡಿದವಳು ಯಾರು ಗೊತ್ತೆ? ದೊಡ್ಡಮ್ಮ. "ಮಗ ಓದ್ಕಂಡ್ ಬಂದೈತೆ, ಸುಮ್ಕೆ ಹೇಳ್ತದಾ? ಅದ್ ಹೇಳ್ದಂಗೇ ಮಾಡನ ಬುಡ್ರಮ್ಮ" ಎಂದು ಎಲ್ಲರ ಬಾಯಿ ಮುಚ್ಚಿಸಿದಳು. ಅವಳ ಮುಖದಲ್ಲಿ ಅವತ್ತು ಎಷ್ಟು ಸಂತೋಷವಿತ್ತೆಂದರೆ ಅಮ್ಮ ತಾನೇ ಎದ್ದು ಚಾಪೆ ಮಡಚತೊಡಗಿದಳು.

ಸುತ್ತುಗಟ್ಟಿ ಕೂರುತ್ತಿದ್ದವರನ್ನು ಎಬ್ಬಿಸಿ ಸಾಲಾಗಿ ಕೂರಿಸಿದೆ. ಮೊದಲಿನ ಮೂವರಿಗೆ ಸಿಪ್ಪೆ, ಮುಂದಿನ ಇಬ್ಬರಿಗೆ ನಾರು, ಆಮೇಲಿನ ಇಬ್ಬರಿಗೆ ಬೀಜ. ಸಾಲಿನ ಕೊನೆಯಲ್ಲಿ, ಉಳಿದ ಬೀಜ ತೆಗೆದು ಸರಿನೋಡಿ ಚೀಲಕ್ಕೆ ಹಾಕುವ ಕೆಲಸ. ಅನುಭವ ಹೆಚ್ಚಿರುವವರಿಗೆ ಹೊಣೆಯ ಕೆಲಸ ಕೊಡಬೇಕೆಂದು ಪುಸ್ತಕದಲ್ಲಿತ್ತು. ಆ ಜಾಗವನ್ನು ದೊಡ್ಡಮ್ಮನಿಗೆ ಕೊಟ್ಟೆ. ಗೌರವಕ್ಕೆಂದೇ ಕೊಟ್ಟೆ, ಇದನ್ನು ನೀವು ನಂಬಬೇಕು. ನಾಗಕ್ಕ ಬೆಳಗಿನಿಂದ ಮೂರು ಸಲ ಎದ್ದು ಅವಳ ಪಕ್ಕಕ್ಕೆ ಹೋದಳು. ಮೂರು ಸಲವೂ, "ನಿಮ್ಮ ಜಾಗ ಅಲ್ಲಿ ನಾಗಕ್ಕ" ಎಂದು ವಾಪಸ್ಸು ಕಳಿಸಿದೆ. ಮಧ್ಯಾಹ್ನದ ಹೊತ್ತಿಗೆ ಎಲ್ಲರ ಮುಂದೆಯೂ ಖಾಲಿ, ದೊಡ್ಡಮ್ಮನ ಮುಂದೆ ಮಾತ್ರ ಗುಡ್ಡೆ. ಎಲ್ಲರೂ ಕೈಕಟ್ಟಿ ಅವಳಿಗಾಗಿ ಕಾಯುತ್ತಾ ಕೂತರು. ಹಜಾರದಲ್ಲಿ ಮಾತು ನಿಂತುಹೋಗಿತ್ತು. ಆ ಮೌನದಲ್ಲಿ ಅವಳ ಬೆರಳು ಎಷ್ಟು ನಿಧಾನ ಎನ್ನುವುದು ಎಲ್ಲರಿಗೂ ಕಂಡಿತು, ಅವಳಿಗೂ ತಿಳಿಯಿತು. ಅವಸರ ಮಾಡತೊಡಗಿದಳು. ಹೆಬ್ಬೆರಳನ್ನು ಜಜ್ಜಿಕೊಂಡು, ಸೆರಗಿನಲ್ಲಿ ಒತ್ತಿ ಹಿಡಿದು, ಮತ್ತೆ ಮುಂದುವರಿಸಿದಳು. ನಾನು ಗಡಿಯಾರ ನೋಡುತ್ತಿದ್ದೆ.

ದೊಡ್ಡಮ್ಮ ಹಾಗೆ ಅವಸರಪಟ್ಟದ್ದರಿಂದ ಲೋಡು ಹೇಳಿದ ದಿನಕ್ಕೆ ಮೊದಲೇ ಮುಗಿಯಿತು. ಆಂಜಿನಪ್ಪ ಬಂದು ಒಂದು ಚೀಲದ ಬಾಯಿ ಬಿಚ್ಚಿ ಕೈಹಾಕಿದ, ಇನ್ನೊಂದು ಬಿಚ್ಚಿದ. ಅವನದು ಪಾವಗಡದ ಆಚೆಯ ಊರು, ಸಿಟ್ಟು ಬಂದರೆ ತೆಲುಗೇ ಮುಂದೆ ಬರುತ್ತಿತ್ತು. "ಏಂದಮ್ಮಾ ಇದಿ? ಪಿಕ್ಕಲು ಅಟ್ಲೇ ಉಂಡಾಯಿ ಕದಾ! ಬೀಜ ಎಲ್ಲಾ ಇಂಗೇ ಬುಟ್ಟವ್ರಲ್ಲ, ಯಾರಮ್ಮ ಬಿಡಿಸಿದ್ದು?" ಯಾರು ಎಂಬ ಪ್ರಶ್ನೆಗೆ ನಮ್ಮ ಹಜಾರದಲ್ಲಿ ಅಲ್ಲಿಯವರೆಗೂ ಉತ್ತರವೇ ಇರಲಿಲ್ಲ. ಒಂದೇ ರಾಶಿ, ಎಲ್ಲರದೂ ಅದೇ. ಅವತ್ತೂ ಹೆಂಗಸರು ತಲೆ ಬಗ್ಗಿಸಿ ಚಾಪೆಯ ಮೇಲಿನ ಸಿಪ್ಪೆ ಗೋರತೊಡಗಿದರು. ನೋಟ್‌ಬುಕ್ಕು ನನ್ನ ಕೈಯಲ್ಲಿತ್ತು. "ಕೊನೇ ಕೆಲಸ ದೊಡ್ಡಮ್ಮಂದು" ಎಂದೆ.

ಹೇಳಬಾರದ್ದನ್ನು ಹೇಳಿದೆ ಎಂದು ಅಮ್ಮನ ಮುಖ ನೋಡಿದಾಗಲೇ ಗೊತ್ತಾಯಿತು. ದೊಡ್ಡಮ್ಮ ಕೂತಲ್ಲಿಂದಲೇ, "ನಂಗೆ ಕಾಣ್ಸಾಕಿಲ್ಲ ಕಣಪ್ಪ" ಎಂದಳು. ಎಷ್ಟೋ ವರ್ಷಗಳಿಂದ ಯಾರಿಗೂ ಹೇಳದ ಮಾತನ್ನು ಮಂಡಿಯವನ ಮುಂದೆ ಹೇಳಿದಳು. ಆಮೇಲೆ ನಾಗಕ್ಕ ಇರುವ ಕಡೆ ಮುಖ ತಿರುಗಿಸಿ ಕೇಳಿದಳು: "ಅಂಗಾರೆ ಇಷ್ಟ್ ವರ್ಸ ನಂದು ಯಾರೇ ನೋಡ್ತಿದ್ರು ನಾಗಿ?" ನಾಗಕ್ಕ ಬಾಯಿಗೆ ಸೆರಗಿಟ್ಟುಕೊಂಡು ಅತ್ತಳು. ಅದೇ ಉತ್ತರವಾಯಿತು. ದೊಡ್ಡಮ್ಮ ಬಿಡಿಸಿ ಪಕ್ಕಕ್ಕಿಟ್ಟ ಪ್ರತಿ ಹಿಡಿಯನ್ನೂ ನಾಗಕ್ಕನೋ ಅಮ್ಮನೋ ಮಾತಿನ ನಡುವೆ ಎಳೆದುಕೊಂಡು, ಬೆರಳಾಡಿಸಿ, ಉಳಿದ ಬೀಜ ತೆಗೆದು ರಾಶಿಗೆ ಹಾಕುತ್ತಿದ್ದರಂತೆ. ಅವರು ಅಷ್ಟು ಮಾತಾಡುತ್ತಿದ್ದುದೂ ಬೀಜ ಬೀಳುವ ಸದ್ದು ಅವಳಿಗೆ ಕೇಳದಿರಲೆಂದು. "ಅದ್ಕೇ ಬ್ಯಾಡ ಅಂದಿದ್ದು. ಅವಳ ಮುಂದೆ ಹೆಂಗೆ ಹೇಳ್ಲಿ ನಾನು?" ಎಂದು ಅಮ್ಮ ಆಮೇಲೆ ನನಗೊಬ್ಬಳಿಗೇ ಹೇಳಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ಅಪ್ಪ ಅವಳನ್ನು ಕಣ್ಣಿನ ಡಾಕ್ಟರ ಬಳಿಗೆ ಕರೆದುಕೊಂಡು ಹೋದರು. ನರವೇ ಒಣಗಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ ಎಂದರಂತೆ. ನಾನು ಸಾಲು ಕೆಡಿಸಿ ಮತ್ತೆ ಎಲ್ಲರನ್ನೂ ಸುತ್ತ ಕೂರಿಸಿದೆ, ಕೈಮುಗಿದು ಕರೆದೆ. ದೊಡ್ಡಮ್ಮ ಒಂದು ದಿನ ಬಂದು ಕೂತಳು. ಒಂದು ಹಿಡಿ ಬಿಡಿಸಿ, ಪಕ್ಕಕ್ಕಿಡದೆ, ಅದನ್ನೇ ಹಿಡಿದುಕೊಂಡು ಬಹಳ ಹೊತ್ತು ಕೂತಿದ್ದು ಎದ್ದುಹೋದಳು. ಯುಗಾದಿ ಕಳೆದ ಮೇಲೆ ಪಾವಗಡ ಕಡೆಯ ರಾಯಚರ್ಲಿನಲ್ಲಿದ್ದ ತನ್ನ ತಮ್ಮನ ಮನೆಗೆ ಹೊರಟಳು. "ಒಸಿ ದಿನ ಇದ್ದು ಬತ್ತೀನಿ" ಎಂದಳು. ಬರುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ಮುಂದಿನ ವರ್ಷದ ಹೊತ್ತಿಗೆ ಆಂಜಿನಪ್ಪ ಮಿಷನ್ ಹಾಕಿಸಿದ, ನಾಗಕ್ಕ ಮಗಳ ಮನೆ ಸೇರಿದಳು, ಹಜಾರದ ನಡುವೆ ಗೋಡೆ ಎದ್ದು ಅರ್ಧ ಬಾಡಿಗೆಗೆ ಹೋಯಿತು. ಆ ಹೆಂಗಸರು ಮತ್ತೆ ಒಂದು ಕಡೆ ಕೂತದ್ದನ್ನು ನಾನು ಕಾಣಲಿಲ್ಲ. ದೊಡ್ಡಮ್ಮ ಅಷ್ಟು ದಿನವೂ ಇರಲಿಲ್ಲ. ರಾಯಚರ್ಲಿಗೆ ಹೋದ ವರ್ಷದ ಮಳೆಗಾಲದಲ್ಲೇ ತೀರಿಕೊಂಡಳು.

ಅದಕ್ಕೆ ಸ್ವಲ್ಪ ಮುಂಚೆ ಅವಳನ್ನು ಕರೆತರಲೆಂದು ಅಮ್ಮ ಮತ್ತು ನಾನು ಹೋಗಿದ್ದೆವು. ಊರ ಸುತ್ತ ಸೋಲಾರ್ ಹಲಗೆಗಳು, ಕಣ್ಣು ಹಾಯುವವರೆಗೂ ಅವೇ. ತಮ್ಮನ ಹೊಲವೂ ಅದರೊಳಗೆ ಸೇರಿತ್ತು, ವರ್ಷಕ್ಕಿಷ್ಟು ಎಂದು ಬಾಡಿಗೆ ಬರುತ್ತಿತ್ತು. ಬಿಡಿಸಲು ಕಡಲೆಕಾಯಿ ಇಲ್ಲ, ಕೇರಲು ರಾಗಿ ಇಲ್ಲ, ಮನೆಯಲ್ಲಿ ಯಾರಿಗೂ ಕೆಲಸವಿರಲಿಲ್ಲ. ಯಾರಿಗೂ ಅದರ ಚಿಂತೆಯೂ ಇರಲಿಲ್ಲ, ಅವಳೊಬ್ಬಳನ್ನು ಬಿಟ್ಟು. ಗೋಡೆಗೆ ಒರಗಿ, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬೆರಳ ತುದಿಯ ಕಪ್ಪು ಹೋಗಿ ಚರ್ಮ ಮೆತ್ತಗಾಗಿತ್ತು. ನಾನು ಕಾಲು ಹಿಡಿದು ತಪ್ಪಾಯಿತು ಎಂದೆ. "ನೀನ್ ಓದಿದ್ದು ಸರಿಯಾಗೇ ಐತೆ ಕಣಮ್ಮ. ನನ್ ಕೈಲಿ ಎಷ್ಟಾಗ್ತಿತ್ತು ಅಂತ ಗೊತ್ತಾಯ್ತು, ಅಷ್ಟೇಯ" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಮನೆಗೆ ಬಾ ಅಕ್ಕ ಎಂದು ಅಮ್ಮ ಅಂಗಲಾಚಿದಳು. "ಬಂದು ಏನ್ ಮಾಡ್ಲಿ?" ಎಂದಳು.

ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಎಲ್ಲರಿಗೂ ಒಂದೊಂದು ಮುದ್ದೆ ಇಟ್ಟಳು. ದೊಡ್ಡಮ್ಮ ತಟ್ಟೆಯನ್ನು ತಡವಿ, ಮುದ್ದೆಯನ್ನು ಮುರಿದು ಎರಡು ಮಾಡಿ, ಅರ್ಧವನ್ನು ಎತ್ತಿ ಪಕ್ಕದಲ್ಲಿದ್ದ ನನ್ನ ತಟ್ಟೆಯನ್ನು ಹುಡುಕಿದಳು. "ದಿನಾ ಇಂಗೇ ಕಣಮ್ಮ ವದಿನ. ಮೊದ್ಲು ಮುಕ್ಕಾಲು ತಿಂತಿದ್ರು, ಈಗ ಅರ್ಧಕ್ಕೆ ಬಂದವ್ರೆ" ಎಂದಳು ತಮ್ಮನ ಹೆಂಡತಿ, ಗಂಡನ ಅಕ್ಕನನ್ನು ತೋರಿಸಿ. ದೊಡ್ಡಮ್ಮನ ಕೈ ಇನ್ನೂ ಗಾಳಿಯಲ್ಲೇ ಇತ್ತು. ನಾನು ತಟ್ಟೆಯನ್ನು ಅದರ ಕೆಳಗೆ ಹಿಡಿದೆ. "ಸುಮ್ಕೆ ಕೂತಿರೋಳ್ಗೆ ಇಷ್ಟ್ ಸಾಕು. ನೀನ್ ಉಣ್ಣು, ಓದೋ ಮಗ" ಎಂದಳು. ಕೊಡುವುದಕ್ಕೆ ಅವಳಲ್ಲಿ ಉಳಿದಿದ್ದದ್ದು ಅಷ್ಟೇ. ಆ ಅರ್ಧ ಮುದ್ದೆಯನ್ನು ನಾನು ಪೂರ್ತಿ ತಿಂದೆ.